ನಾಲ್ಕರವರೆಗೆ ಇಟ್ಟುಕೊಳ್ಳುತ್ತಿದ್ದರು

ಸುವರ್ಣಾ, ಶಾಲೆಯವರು ಮಗುವನ್ನು ನಾಲ್ಕರವರೆಗೆ ಇಟ್ಟುಕೊಳ್ಳುತ್ತಿದ್ದರು. ಹನ್ನೆರಡಕ್ಕೇ ಕಳಿಸಿಬಿಡುತ್ತಾರೆ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಬಾಯಿತಪ್ಪಿ ಬಂದದ್ದಲ್ಲ — ತಿಳಿದು, ತೂಗಿ ಆಡಿದ್ದು.

ಆಗ ಹಿರಿಯ ಮೊಮ್ಮಗಳು ಶ್ರೇಯಾಗೆ ಮೂರು ತುಂಬಿತ್ತು. ನೀನು ಹುಮನಾಬಾದಿನ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸಕ್ಕೆ ಮರಳಿ ಸೇರಿದ್ದೆ. ದಿನವೂ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಓಡಾಟ. ನಿನ್ನ ಗಂಡ, ನನ್ನ ಮಗನೋ, ವಾರದ ಹೆಚ್ಚಿನ ಹೊತ್ತು ಲಾರಿಯೊಡನೆ ಮುಂಬೈ ಹೆದ್ದಾರಿಯ ಮೇಲೆ. ಮಗುವನ್ನು ನೋಡಿಕೊಳ್ಳಲು ಬಂದಿದ್ದ ನಿನ್ನ ತಾಯಿ ಊರಿಗೆ ಹೊರಟು ನಿಂತಿದ್ದರು. ನೀನು ಅಂದೆ:

"ಶಾಲಿಗಿ ಹೋಗಿ ಕೇಳಿ ಬರ್ರಿ ಮಾಮಾ, ಎಷ್ಟೊತ್ತನಾ ಇಟ್ಕೊತಾರ ಅಂತ. ನಿಮ್ಮಷ್ಟು ಪಕ್ಕಾ ಯಾರೂ ಕೇಳಂಗಿಲ್ಲ."

ಪಕ್ಕಾ ಕೇಳಿದೆ. ಮಧ್ಯಾಹ್ನದವರೆಗೆ ಒಂದು ಪಾಳಿ. ಬೇಕಾದವರಿಗೆ ನಾಲ್ಕರವರೆಗೆ ಇನ್ನೊಂದು — ಬುತ್ತಿ ಮನೆಯಿಂದ, ಉಂಡ ಮೇಲೆ ಚಾಪೆಯ ಮೇಲೆ ನಿದ್ದೆ. "ತಾಯಿ ನೌಕರಿ ಮಾಡ್ತಾಳಂದ್ರ ನಾಲ್ಕರ ತನಕಾನೇ ಚಲೋರಿ, ಅಜ್ಜಾರ," ಎಂದರು ಅಲ್ಲಿಯ ಶಿಕ್ಷಕಿ ಬಾಯಿಯವರು. ಸರಿ ಎಂದು ತಲೆಯಾಡಿಸಿ ಬಂದೆ. ಮನೆಯ ಹೊಸ್ತಿಲು ದಾಟುವಾಗ ನಿನ್ನ ತಾಯಿಯ ಚೀಲ ಕಂಡಿತು — ಕಂಡೊಡನೆ ತೊಟ್ಟಿಲ ದಿನ ಬೀಗರು ಕೊಟ್ಟ ಆಯಾರ, ಆ ಉಡುಗೊರೆ, ನೆನಪಾಯಿತು.

ಅದನ್ನೂ ಹೇಳಿಬಿಡಬೇಕು. ನಿನ್ನ ತವರಲ್ಲಿ ಶ್ರೇಯಾಳನ್ನು ತೊಟ್ಟಿಲಿಗೆ ಹಾಕಿದ ದಿನ, ಕೂಸಿನ ಅಜ್ಜನಾದ ನನಗೆ ಧೋತರ ಉಡುಗೊರೆ ಕೊಟ್ಟು ತಲೆಗೆ ರುಮಾಲು ಸುತ್ತಬೇಕಿತ್ತು. ಕೊಟ್ಟದ್ದು ಒಂದು ಟವೆಲ್ಲು, ಒಂದು ಬಿಳಿ ಟೊಪ್ಪಿಗೆ. ಮೋರಖಂಡಿಯಿಂದ ಬಂದ ದೂರದ ನೆಂಟನಿಗೂ ಅದೇ, ನನಗೂ ಅದೇ. ಪಂಕ್ತಿಯಲ್ಲಿ ಯಾರೋ ನಕ್ಕರು: "ಏನ್ ಕಾಕಾ, ನೀವೂ ನಮ್ಮ ಸಾಲಿಗೇ ಬಂದ್ರಲ್ಲ." ಅದು ಅವಮಾನವೇ, ಇಂದಿಗೂ ಹಾಗೆಯೇ ಅನ್ನುತ್ತೇನೆ. ಆದರೆ ಕೊಟ್ಟವಳು ನೀನಲ್ಲ. ನೀನು ಒಳಕೋಣೆಯಲ್ಲಿ ಕೂಸಿಗೆ ಹಾಲೂಡುತ್ತಿದ್ದೆ. ಹೊರಗೆ ಯಾರ ತಲೆಗೆ ಏನು ಬಂತೆಂಬುದೇ ನಿನಗೆ ತಿಳಿದಿರಲಿಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ —

"ಹನ್ನೆರಡಕ್ಕ ಬಿಡ್ತಾರ. ಮುಂದ ಇಟ್ಕೊಳ್ಳಂಗಿಲ್ಲ," ಎಂದೆ.

"ಹಂಗಾದ್ರ ಸಂಜಿ ತನಕ ನೀವು ನೋಡ್ಕೊತೀರೇನ್ರಿ, ಮಾಮಾ?"

"ನಿಮ್ಮ ತವರಿನವರ ಕಣ್ಣಾಗ ನಾ ಟವೆಲ್-ಟೊಪ್ಪಿಗಿ ಮನಿಷ್ಯಾ. ಅಂಥವನ ಮ್ಯಾಲ ಕೂಸು ಯಾಕ ಬಿಡ್ತಿ?"

ನಿನ್ನ ತಾಯಿ ತಲೆ ಎತ್ತಲಿಲ್ಲ. ನೀನು ಆ ತಿಂಗಳೇ ಕೆಲಸ ಬಿಟ್ಟೆ.

ಕೆಲ ದಿನಗಳ ಮೇಲೆ ಹನ್ನೆರಡಕ್ಕೆ ಶಾಲೆಯಿಂದ ಮಗುವನ್ನು ಕರೆದುಕೊಂಡು ಬಂದವಳು, ನನಗೆ ರೊಟ್ಟಿ ಬಡಿಸುತ್ತ ಅಂದೆ: "ಶಾಲ್ಯಾಗ ಚಾಪಿ ಹಾಸಾಕತ್ತಿದ್ರು, ಮಾಮಾ."

"ಹೊಸದಾಗಿ ಚಾಲೂ ಮಾಡಿರಬೇಕು."

ಅದು ಎರಡನೆಯ ಸುಳ್ಳು. ಅಷ್ಟರಲ್ಲಿ ಲ್ಯಾಬಿನಲ್ಲಿ ನಿನ್ನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ನೀನು ಇನ್ನೊಂದು ರೊಟ್ಟಿ ಹಾಕಿದೆ. ನಾನು ತಿಂದೆ.

ಈಗ ಕಿರಿಯವಳಿಗೂ ಮೂರಾಗಿದೆ, ಹುಮನಾಬಾದಿನಿಂದ ನಿನಗೆ ಮತ್ತೆ ಕರೆ ಬಂದಿದೆ. ಈ ಸಲ ನೀನು ನನ್ನನ್ನು ಶಾಲೆಗೆ ಕಳಿಸಲಿಲ್ಲ, ನೀನೇ ಹೋದೆ. ಬಂದು, "ನಾಲ್ಕರ ತನಕ ಹೆಸರು ಹಚ್ಚಿಸೀನ್ರಿ. ನನ್ನ ಬಸ್ ಬರೂ ತನಕ ಬಾಜೂ ಮನಿ ಅಕ್ಕೋರು ಕರಕೊಂಡ್ ಬಂದು ಕೂಡಿಸ್ಕೊತಾರ," ಎಂದೆ. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅಲ್ಲೇ ಕುರ್ಚಿಯ ಮೇಲಿದ್ದೆ — ಮನೆಯಲ್ಲೇ ಇರುವವನು, ಕೈಕಾಲು ಗಟ್ಟಿಯಿರುವವನು. ಯಾರ ಅವಮಾನವನ್ನೂ ಮರೆಯದವನೆಂದು ಹೆಮ್ಮೆಪಟ್ಟವನಿಗೆ ಆಗ ಅರಿವಾಯಿತು: ಈ ಮನೆಯಲ್ಲಿ ಮರೆಯದವರು ಇನ್ನೊಬ್ಬರಿದ್ದಾರೆ, ಆದರೆ ಅವರು ಅದಕ್ಕಾಗಿ ಯಾರ ಅನ್ನವನ್ನೂ ಕಸಿಯಲಿಲ್ಲ.

ಕ್ಷಮಿಸೆಂದು ಕೇಳುವುದಿಲ್ಲ. ನೀನು ಬಿಟ್ಟ ವರ್ಷಗಳನ್ನು ನಾನು ತಂದುಕೊಡಲಾರೆ.

ಆ ಟೊಪ್ಪಿಗೆಯನ್ನು ಒಮ್ಮೆಯೂ ತಲೆಗಿಡದೆ ಟ್ರಂಕಿನಲ್ಲಿ ಇಟ್ಟಿದ್ದೆ. ಇಂದು ತೆಗೆದು ಬಿಸಿಲಿಗೆ ಹಾಕಿದ್ದೇನೆ. ನೀನು ಕಳಿಸಿದರೆ, ಅದನ್ನೇ ಹಾಕಿಕೊಂಡು ನಾಲ್ಕಕ್ಕೆ ಶಾಲೆಯ ಬಾಗಿಲಲ್ಲಿ ನಿಲ್ಲುತ್ತೇನೆ. ಕಳಿಸದಿದ್ದರೆ — ಅದನ್ನು ಅವಮಾನವೆಂದು ಎಣಿಸುವುದಿಲ್ಲ.