ತಿಪಟೂರಿಗೆ ತೆಂಗಿನಕಾಯಿ ತಂದ ಗಿರಿಜಕ್ಕ

ತಿಪಟೂರಿನವರು ಯಾರಾದರೂ ಬೆಂಗಳೂರಿಗೆ ಹೋಗಿ, ದುಡ್ಡು ಕೊಟ್ಟು ಒಂದು ತೆಂಗಿನಕಾಯಿ ಕೊಂಡು, ಅದನ್ನ ಮಡಿಲಲ್ಲಿಟ್ಟುಕೊಂಡು ರೈಲಲ್ಲಿ ವಾಪಸ್ ಬಂದಿದ್ದನ್ನ ಕೇಳಿದ್ದೀರಾ?

ನಾನು ಕೇಳಿದ್ದಲ್ಲ, ಕಣ್ಣಾರೆ ನೋಡಿದೀನಿ. ಪಕ್ಕದ ಸೀಟಲ್ಲೇ ಕೂತಿದ್ದೆ.

ಮೊದಲೇ ಹೇಳಿಬಿಡ್ತೀನಿ, ತಂದವಳು ನಾನಲ್ಲ. ಈ ಅಂಕಣ ಓದುವವರಿಗೆ ನನ್ನ ಮೇಲೇ ಅನುಮಾನ ಬರೋದು ಸಹಜ. ಊರಲ್ಲಿ ನನಗೆ ಇಟ್ಟಿರೋ ಹೆಸರೇ ಗುಜರಿ ಟೀಚರ್. ಮನೇಲಿ ತೂತು ಬಿದ್ದ ಗ್ರಾಮಫೋನ್ ಕಹಳೆ ಇದೆ. ಹಿಡಿಯಲ್ಲಿ ನಾಯಿ ತಲೆ ಇರೋ ಕೊಡೆ ಇದೆ (ಬಟ್ಟೆ ಇಲ್ಲ, ಕಡ್ಡಿ ಮಾತ್ರ). ಒಂದೂ ಬೀಗ ಇಲ್ಲದ ಕೀಲಿಕೈ ಗೊಂಚಲಿದೆ. ನಮ್ಮನೆಯವರು ಪಾಪ, ಏನೂ ಅನ್ನಲ್ಲ. ನೆಂಟರು ಬಂದಾಗ ಮಾತ್ರ ಈ ಸಾಮಾನೆಲ್ಲ ಇರೋ ರೂಮಿನ ಬಾಗಿಲು ಮುಂದಕ್ಕೆಳೆದು ಚಿಲಕ ಹಾಕ್ತಾರೆ.

ವರ್ಷಕ್ಕೆ ಮೂರು ನಾಲ್ಕು ಸಲ ನಾನೂ ಮಂಗಳನೂ ಬೆಳಗಿನ ರೈಲು ಹತ್ತಿ ಬೆಂಗಳೂರು ಸುತ್ತಿ ಬರ್ತೀವಿ. ಮಂಗಳ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇರೋದು. ದಿನವಿಡೀ ಇನ್ನೊಬ್ಬರ ಮಾತು ಕೇಳಿ ಕೇಳಿ, ಭಾನುವಾರ ತಾನೇ ಮಾತಾಡಬೇಕು ಅನ್ನಿಸುತ್ತಂತೆ. ಹಳೇ ಸಾಮಾನಿನ ಬೀದಿ, ಯಾವುದಾದರೂ ಚಿತ್ರ ಪ್ರದರ್ಶನ, ಒಂದು ಮಸಾಲೆ ದೋಸೆ. ನಮ್ಮ ಪ್ರೋಗ್ರಾಂ ಅಷ್ಟೇ.

ಈ ಸಲ ಗಿರಿಜಕ್ಕನನ್ನೂ ಎಳಕೊಂಡು ಹೋದ್ವಿ.

ಗಿರಿಜಕ್ಕ ನಮ್ಮ ಬೀದಿಯವರೇ. ಕೊಬ್ಬರಿ ಮಂಡಿ ಚಂದ್ರಣ್ಣನ ಹೆಂಡತಿ. ವಯಸ್ಸು ಐವತ್ತರ ಹತ್ತಿರ ಇರಬಹುದು. ಮದುವೆಯಾಗಿ ಬಂದಮೇಲೆ ಬೆಂಗಳೂರಿಗೆ ಹೋಗಿಲ್ಲ ಅಂತಲ್ಲ. ಆಸ್ಪತ್ರೆಗೆ ಹೋಗಿದ್ದಾರೆ, ಮದುವೆಗೆ ಹೋಗಿದ್ದಾರೆ, ಜವಳಿ ತರೋಕೆ ಹೋಗಿದ್ದಾರೆ. ಸುಮ್ಮನೆ ಹೋಗಿಲ್ಲ. ಕೆಲಸವಿಲ್ಲದೆ ರೈಲು ಹತ್ತಬಾರದು ಅನ್ನೋದು ಆ ಮನೆಯ ಕಾನೂನು. ಅದಕ್ಕೇ ಒಂದು ಕೆಲಸ ಹುಡುಕಿದ್ವಿ. ಕುಕ್ಕರಿನ ಗ್ಯಾಸ್ಕೆಟ್ ತರಬೇಕು, ಆ ಸೈಜು ತಿಪಟೂರಲ್ಲಿ ಸಿಗಲ್ಲ ಅಂತ. ಚಂದ್ರಣ್ಣ ಒಪ್ಪಿಕೊಂಡರು. ಕುಕ್ಕರಿನ ವಿಷಯದಲ್ಲಿ ಗಂಡಸರನ್ನ ನಂಬಿಸೋದು ಸುಲಭ.

ಬೆಂಗಳೂರಲ್ಲಿ ಮೊದಲು ಹೋಗಿದ್ದು ಪ್ರದರ್ಶನಕ್ಕೆ. ಅದೇನೋ ಹೊಸ ಥರದ ಕಲೆಯಂತೆ. ಸೈಕಲ್ ಚೈನು ಸುತ್ತಿ ಮಾಡಿದ ಕೋಳಿ, ಮುರಿದ ಕುರ್ಚಿಗೆ ಹಳದಿ ಬಣ್ಣ. ಮಂಗಳ ಒಂದೊಂದರ ಮುಂದೂ ನಿಂತು ಕಿಸಿಕಿಸಿ ನಗ್ತಿದ್ದಳು. ಒಂದು ಕಡೆ ದೊಡ್ಡ ಫ್ರೇಮು. ಒಳಗೆ ಒಂದು ತೆಂಗಿನ ಕಡ್ಡಿ ಪೊರಕೆ. ಬರೀ ಪೊರಕೆ, ಬೇರೇನಿಲ್ಲ. ಮೇಲೆ ಲೈಟು.

ಗಿರಿಜಕ್ಕ ಅಲ್ಲೇ ನಿಂತುಬಿಟ್ಟರು. ಬೈತಾರೆ ಅಂದುಕೊಂಡೆ. ಮನೇಲಿ ಇರೋ ಪೊರಕೆ ನೋಡೋಕೆ ಇಷ್ಟು ದೂರ ಕರ್ಕೊಂಡ್ ಬಂದ್ಯೇನೇ ಅಂತ ಕೇಳ್ತಾರೆ ಅನ್ನಿಸಿತ್ತು.

ಗಿರಿಜಕ್ಕ ಕೇಳಿದ್ದೇ ಬೇರೆ. "ಇದಕ್ಕೆ ಇನ್ಮೇಲೆ ಯಾರೂ ಗುಡ್ಸು ಅನ್ನಲ್ಲ ಅಲ್ವೇನೇ?"

"ಇಲ್ಲ ಗಿರಿಜಕ್ಕ. ಇದಕ್ಕೆ ರಿಟೈರ್ಮೆಂಟ್ ಆಗಿದೆ."

"ಪುಣ್ಯ ಮಾಡಿತ್ತು ಬುಡು," ಅಂದರು.

ಆಮೇಲೆ ಹಳೇ ಸಾಮಾನಿನ ಬೀದಿ. ನಾನು ಒಂದು ಪಿಂಗಾಣಿ ಇಂಕ್ ಬಾಟಲಿ ಹಿಡಿದು ಚೌಕಾಸಿ ಮಾಡ್ತಾ ಇದ್ದೆ. ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ಗಿರಿಜಕ್ಕ. ಮುಖ ಕೆಂಪಗಾಗಿದೆ, ನಗು ತಡೆಯೋಕಾಗ್ತಿಲ್ಲ. ಪಕ್ಕದ ಅಂಗಡಿ ಕಡೆ ಬೆರಳು ತೋರಿಸಿ, "ನೋಡೇ ಅಲ್ಲಿ. ನಮ್ಮ ಮಾವನೋರು ಕೂತವ್ರೆ" ಅಂದರು.

ನೋಡಿದರೆ ಒಂದು ತೆಂಗಿನಕಾಯಿ! ಮಟ್ಟೆ ಸಮೇತ ಇಡೀ ಕಾಯಿ. ಯಾವ ಕಾಲದಲ್ಲಿ ಯಾರು ಕೆತ್ತಿದ್ದೋ. ಮಟ್ಟೆಯಲ್ಲೇ ದಪ್ಪ ಮೂಗು, ಗಾಜಿನ ಗೋಲಿಯ ಕಣ್ಣು, ತಂತಿಯ ಕನ್ನಡಕ, ನಾರು ಬಾಚಿ ಬಾಚಿ ಮಾಡಿದ ಗಿರಿಜಾ ಮೀಸೆ. ಗಿರಿಜಕ್ಕನ ಮಾವನೋರನ್ನ ನಾನೂ ನೋಡಿದ್ದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಫೋಟೋ ಅವರ ಹಜಾರದಲ್ಲಿದೆ. ಅದೇ ಮೂಗು, ಅದೇ ಮೀಸೆ. ಕನ್ನಡಕದ ಮೇಲಿಂದ ನೋಡೋ ಆ ನೋಟವೂ ಅದೇ.

ಗಿರಿಜಕ್ಕ ಚೌಕಾಸಿ ಮಾಡಲಿಲ್ಲ. ಅಂಗಡಿಯವನು ಹೇಳಿದಷ್ಟನ್ನೂ ಕೊಟ್ಟು ಕಾಯಿ ಎತ್ತಿಕೊಂಡರು. ಗ್ಯಾಸ್ಕೆಟ್ ಮೂವರಿಗೂ ಮರೆತೇ ಹೋಯ್ತು.

ರೈಲಲ್ಲಿ ವಿಷಯ ಹೊರಗೆ ಬಂತು. ಮದುವೆಯಾಗಿ ಬಂದ ಹೊಸದರಲ್ಲಿ ಬಾಗಿಲಿಗೆ ಬಂದ ಒಬ್ಬ ವ್ಯಾಪಾರಿಯ ಹತ್ತಿರ ಗಿರಿಜಕ್ಕ ಒಂದು ಮಣ್ಣಿನ ಗಿಳಿ ಕೊಂಡಿದ್ದರಂತೆ. ತವರಿಂದ ತಂದಿದ್ದ ದುಡ್ಡಲ್ಲಿ. ಮಾವನೋರು ಅದನ್ನ ಅಂಗೈ ಮೇಲಿಟ್ಟುಕೊಂಡು ಒಂದೇ ಮಾತು ಕೇಳಿದರಂತೆ. "ಇದು ಏನಕ್ಕೆ ಬತ್ತದಮ್ಮ?"

ಜೋರು ಮಾಡಲಿಲ್ಲ, ಬೈಲಿಲ್ಲ. ಬರೀ ಕೇಳಿದರು. ಏನಕ್ಕೆ ಬರುತ್ತೆ ಮಣ್ಣಿನ ಗಿಳಿ? ಗಿರಿಜಕ್ಕನಿಗೆ ಉತ್ತರ ಹೊಳೀಲಿಲ್ಲ. ವ್ಯಾಪಾರಿ ಬೀದಿ ಕೊನೆ ತಲುಪೋದರೊಳಗೆ ಓಡಿಹೋಗಿ ಗಿಳಿ ವಾಪಸ್ ಕೊಟ್ಟು ಬಂದರಂತೆ.

"ಅವತ್ತಿಂದ ಏನೇ ಕೈಗೆತ್ತಿಕೊಂಡ್ರೂ ಕಿವೀಲಿ ಅದೇ ಮಾತು ಕಣೇ," ಅಂದರು. "ಈಗ ಕೇಳ್ತಾ ಕೂತ್ಕಳ್ಲಿ, ನನ್ನ ಶೆಲ್ಫ್ ಮೇಲೆ." ಹಾಗೆಂದು ಕಾಯಿಯ ಮೀಸೆ ತೀಡಿದರು. ಎದುರು ಸೀಟಿನವರು ಮುಖ ಆ ಕಡೆ ತಿರುಗಿಸಿಕೊಂಡರು.

ತಿಪಟೂರು ಹತ್ತಿರ ಬರ್ತಿದ್ದ ಹಾಗೆ ಗಿರಿಜಕ್ಕನ ಧೈರ್ಯ ಇಳೀತು. ಚಂದ್ರಣ್ಣನೂ ಅಪ್ಪನ ಮಗನೇ ತಾನೆ? ಆ ಪ್ರಶ್ನೆ ಆಸ್ತಿ ಜೊತೆ ಅವರಿಗೂ ಬಂದಿದೆ. "ನಮ್ಮನೇಲಿ ಇಡಿ ಗಿರಿಜಕ್ಕ, ನಂದು ಅಂತೀನಿ. ನನ್ನ ಮರ್ಯಾದೆ ಹೆಂಗೂ ಹೋಗಿದೆ" ಅಂದೆ. ಬೇಡ ಅಂದರು. ಮನೆಗೆ ಹೋಗಿ, ಅಂಗಡಿ ಮುಚ್ಚಿತ್ತು, ಗ್ಯಾಸ್ಕೆಟ್ ಸಿಗಲಿಲ್ಲ ಅಂತ ಹೇಳಿ, ಯಾರೂ ಇಲ್ಲದಾಗ ಏಣಿ ಹತ್ತಿ ಕಾಯನ್ನ ಅಟ್ಟದ ಮೂಲೆಯ ಕಾಯಿ ರಾಶಿಯೊಳಗೆ ಬಚ್ಚಿಟ್ಟರು. ಮುಖ ಗೋಡೆ ಕಡೆಗೆ.

ಐಡಿಯಾ ಏನೋ ಚೆನ್ನಾಗಿತ್ತು. ಕಾಯಿ ಬಚ್ಚಿಡೋಕೆ ಕಾಯಿ ರಾಶಿಗಿಂತ ಒಳ್ಳೇ ಜಾಗ ಇನ್ಯಾವುದಿದೆ? ನಮ್ಮ ಸೀಮೆಯವರಿಗೆ ಬಿಟ್ಟು ಬೇರೆಯವರಿಗೆ ಇದು ಹೊಳೀತಾನೂ ಇರಲಿಲ್ಲ. ಆದರೆ ಅಟ್ಟದ ಕಾಯಿ ಅಲ್ಲೇ ಇರೋಕೆ ಹತ್ತಿದ್ದಲ್ಲವಲ್ಲ.

ದೂರದ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಕೊಬ್ಬರಿಗೆ ಅಂತ ಬಿಟ್ಟ ಕಾಯಿಯನ್ನ ಮಟ್ಟೆ ಸಮೇತ ಅಟ್ಟಕ್ಕೆ ಹಾಕ್ತಾರೆ. ವರ್ಷದ ಹತ್ತಿರ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಂಡಗೆ ಗಿಟುಕು ಆಗುತ್ತೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಆಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು ಮಾರ್ತಾರೆ. ಯಾವಾಗ ಇಳಿಸ್ತಾರೆ? ರೇಟು ಬಂದಾಗ.

ರೇಟು ಆ ಗುರುವಾರವೇ ಬಂತು.

ನಾನು ಕ್ಲಾಸಲ್ಲಿದ್ದೆ. ಹೆಡ್‌ಮಾಸ್ಟರ ರೂಮಿಗೆ ಫೋನ್ ಬಂದಿದೆ ಅಂತ ಕರೆ ಬಂತು. ಆ ಕಡೆ ಎಕ್ಸ್‌ಚೇಂಜಿನಿಂದ ಮಂಗಳ. "ಟೀಚರ್, ಗಿರಿಜಕ್ಕ ಮಂಡಿ ಫೋನಿಂದ ಮಾಡಿದ್ರು. ಚಂದ್ರಣ್ಣ ಆಳು ಕರ್ಕೊಂಡ್ ಬಂದು ಅಟ್ಟದ ಕಾಯಿ ಇಳಿಸ್ತಾವ್ರಂತೆ. ಮಾವನೋರಿಗೆ ಕಷ್ಟ ಆಗೋ ಹಂಗೈತೆ, ಬೇಗ ಹೋಗಿ."

ಹೆಡ್‌ಮಾಸ್ಟರು ನನ್ನ ಮುಖ ನೋಡಿ, "ಯಾರಿಗಮ್ಮ ಹುಷಾರಿಲ್ಲ?" ಅಂದರು.

"ಗಿರಿಜಕ್ಕನ ಮಾವನೋರು, ಸಾರ್."

"ಹೊರಡಿ ಹೊರಡಿ," ಅಂದರು. (ಅವರು ಈ ಊರಿಗೆ ಹೊಸಬರು. ನಾನೂ ಹೆಚ್ಚಿಗೆ ವಿವರಿಸಲಿಲ್ಲ.)

ಹೋಗಿ ನೋಡಿದರೆ ಅಟ್ಟ ಖಾಲಿ. ಅಂಗಳದಲ್ಲಿ ಆಳೆತ್ತರ ಕಾಯಿ ರಾಶಿ. ನೆಲಕ್ಕೆ ನೆಟ್ಟ ಚೂಪು ಹಾರೆಯ ಮುಂದೆ ರಂಗಪ್ಪ ನಿಂತು ಸುಲೀತಾ ಇದ್ದಾನೆ. ಕಾಯಿ ಕುಕ್ಕಿದ, ತಿರುವಿದ, ಮಟ್ಟೆ ಬಿತ್ತು. ಇನ್ನೊಂದು. ಕಣ್ಣು ಎಲ್ಲೋ, ಮಾತು ಇನ್ನೆಲ್ಲೋ, ಕೈ ಮಾತ್ರ ನಿಲ್ಲಲ್ಲ. ಚಂದ್ರಣ್ಣ ಜಗಲಿ ಮೇಲೆ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ. ಗಿರಿಜಕ್ಕ ಮೂಲೆಯಲ್ಲಿ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸ್ತಾ ನಿಂತಿದ್ದಾರೆ. ಹಾರೆಗೆ ಸಿಕ್ಕರೆ ಮೂಗು ಮೀಸೆ ಎಲ್ಲಾ ನಾರು. ಸಿಗದೆ ಕಣ್ಣಿಗೆ ಬಿದ್ದರೆ ಎಲ್ಲರ ಮುಂದೆ ಆ ಪ್ರಶ್ನೆ.

ನಾನು ಸೀದಾ ರಾಶಿ ಹತ್ತಿರ ಕೂತು ಒಂದೊಂದೇ ಕಾಯಿ ತಿರುಗಿಸೋಕೆ ಶುರು ಮಾಡಿದೆ.

"ಏನ್ ಟೀಚರ್, ಸ್ಕೂಲಿಲ್ವಾ?"

"ದೇವರಿಗೆ ಒಡೆಯೋಕೆ ಒಂದು ಕಾಯಿ ಬೇಕಾಗಿತ್ತು ಚಂದ್ರಣ್ಣ. ಆರಿಸ್ತಿದೀನಿ."

ಚಂದ್ರಣ್ಣ ನನ್ನನ್ನೇ ನೋಡಿದರು. "ಅಟ್ಟದ ಕಾಯಿ ದೇವರಿಗಾ? ಅದ್ರಲ್ಲಿ ನೀರೆಲ್ಲೈತ್ರೀ? ಹೊನ್ನವಳ್ಳೀಲಿ ಹುಟ್ಟಿ, ತಿಪಟೂರಿಗೆ ಸೊಸೆಯಾಗಿ ಬಂದು ಇದೂ ಗೊತ್ತಾಗ್ಲಿಲ್ವಾ ನಿಮ್ಗೆ?"

ನಾಲಿಗೆ ಕಚ್ಚಿಕೊಂಡೆ. ಸುಳ್ಳು ಹೇಳೋದಕ್ಕೂ ಸ್ವಲ್ಪ ಲೋಕಜ್ಞಾನ ಬೇಕು. ಇನ್ನೇನು ಹೇಳೋದು ಅಂತ ಯೋಚಿಸ್ತಾ ಇದ್ದೆ, ರಂಗಪ್ಪನ ಕೈ ನಿಂತಿತು. ಹಾರೆಯ ಮೇಲೆ ಎತ್ತಿದ ಕಾಯಿ ಎತ್ತಿದ ಹಾಗೇ ಇದೆ.

"ಸಾವ್ಕಾರ್ರೇ," ಅಂದ ಮೆಲ್ಲಗೆ, "ಈ ಕಾಯಿ ನನ್ನೇ ನೋಡ್ತೈತೆ."

ಚಂದ್ರಣ್ಣ ಎದ್ದು ಬಂದು ಕಾಯಿ ಇಸ್ಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲಾ ಅರ್ಥವಾದವರ ಹಾಗೆ ತಲೆಯಾಡಿಸಿದರು. "ಟೀಚರ್, ಇದು ನಿಮ್ದೇ ಇರ್ಬೇಕು."

ಎಷ್ಟು ಸುಲಭವಾಗಿತ್ತು ನೋಡಿ. ಹೂಂ ಅಂದಿದ್ದರೆ ಮುಗೀತಿತ್ತು. ಗುಜರಿ ಟೀಚರಿಗೆ ಇನ್ನೊಂದು ಗುಜರಿ, ಯಾರು ಕೇಳ್ತಾರೆ? ಹೂಂ ಅನ್ನೋಕೆ ಬಾಯಿ ತೆರೆದೂ ಆಗಿತ್ತು.

"ಅದು ಅವಳ್ದಲ್ಲ. ನಂದು."

ಗಿರಿಜಕ್ಕ ಪೊರಕೆ ಗೋಡೆಗೆ ಒರಗಿಸಿ ಅಂಗಳದ ಮಧ್ಯಕ್ಕೆ ಬಂದಿದ್ದರು. ಧ್ವನಿ ಮೆಲ್ಲಗಿರಲಿಲ್ಲ. "ಬೆಂಗಳೂರಲ್ಲಿ ತಗೊಂಡೆ. ದುಡ್ಡು ಕೊಟ್ಟು."

"ತಿಪಟೂರಿಗೆ ಕಾಯಿ? ದುಡ್ಡು ಕೊಟ್ಟು?"

"ಹೂಂ."

ರಂಗಪ್ಪ ಹಾರೆ ಬಿಟ್ಟು ಈಚೆ ಬಂದು ನಿಂತ. ಚಂದ್ರಣ್ಣ ಕಾಯಿ ಅಂಗೈ ಮೇಲಿಟ್ಟುಕೊಂಡರು. ನನಗೆ ಗೊತ್ತಿತ್ತು, ಗಿರಿಜಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಇದು ಏನಕ್ಕೆ ಬತ್ತದೇ?"

ಯೋಚನೆ ಮಾಡಿ. ನಮ್ಮ ಸೀಮೆಯಲ್ಲಿ ತೆಂಗು ಅಂದರೆ ಬಿಡುವಿಲ್ಲದ ದುಡಿಮೆ. ಮಟ್ಟೆ ಹಗ್ಗಕ್ಕೆ, ಚಿಪ್ಪು ಒಲೆಗೆ, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ. ಸುಮ್ಮನೆ ಕೂರೋ ಹಕ್ಕು ಮರದ ಒಂದು ತುಂಡಿಗೂ ಇಲ್ಲ. ಆ ಮರದ ಕೆಳಗಿನ ಮನೆಗಳಲ್ಲಿ ಹೆಂಗಸರಿಗೆ ಮಾತ್ರ ಇರುತ್ತಾ? ಅವರು ಇಷ್ಟಪಟ್ಟು ಕೊಳ್ಳೋದೂ ಜಾಲರಿ, ತಟ್ಟೆ, ಗ್ಯಾಸ್ಕೆಟ್.

"ಏನಕ್ಕೂ ಬರಲ್ಲ," ಅಂದರು ಗಿರಿಜಕ್ಕ. "ಅದಕ್ಕೇ ತಂದೆ."

ನನಗೆ ಅಲ್ಲೇ ಅವರನ್ನ ತಬ್ಬಿಕೊಳ್ಳಬೇಕು ಅನ್ನಿಸ್ತು. ಮಣ್ಣಿನ ಗಿಳಿ ಕೊಂಡ ದಿನ ಕೊಡಬೇಕಾಗಿದ್ದ ಉತ್ತರ ಇದು. ಇಷ್ಟು ವರ್ಷ ಅಟ್ಟದ ಕಾಯಿಯ ಹಾಗೆ ಒಳಗೇ ಇತ್ತು.

ಕೈಗೆ ಸಿಕ್ಕ ಕಾಯಿಯ ಮೇಲೆ ಅನುಮಾನ ಬಂದರೆ ಕೊಬ್ಬರಿ ವ್ಯಾಪಾರದವರು ಏನು ಮಾಡ್ತಾರೆ? ಚಂದ್ರಣ್ಣ ಕಾಯನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಡಗಡ ಅಂತು. "ಒಳಗೆ ಗಿಟುಕು ಐತೆ," ಅಂದರು.

"ಇರ್ಲಿ ಬುಡಿ. ಅಲ್ಲೇ ಇರ್ಲಿ."

ಕಿವಿಯಿಂದ ಕಾಯಿ ಇಳಿಸುವಾಗ ಆ ಮುಖ ಸರಿಯಾಗಿ ಅವರ ಮುಖದ ಎದುರಿಗೆ ಬಂತು. ನೋಡಿದರು. ತೆರೆದ ಬಾಗಿಲಿನಿಂದ ಹಜಾರದ ಫೋಟೋ ಕಾಣ್ತಿತ್ತು, ಅದನ್ನೂ ನೋಡಿದರು. ಮತ್ತೆ ಕಾಯಿ ನೋಡಿದರು.

"ಲೇ ಗಿರಿಜಾ, ಇದು ನಮ್ಮಪ್ಪಯ್ಯ ಕಣೇ."

"ನಾನೂ ಹಂಗೇ ಅಂದ್ಕಂಡೆ," ಅಂದರು ಗಿರಿಜಕ್ಕ, ತಲೆ ತಗ್ಗಿಸಿ.

ಚಂದ್ರಣ್ಣ ನಗೋಕೆ ಶುರು ಮಾಡಿದರು ನೋಡಿ. ಹೆಗಲ ಟವಲು ಜಾರಿ ಬಿತ್ತು, ಕಣ್ಣಲ್ಲಿ ನೀರು ಬಂತು. ಜಗಲಿ ಮೇಲೆ ಕೂತು ನಕ್ಕರು. ರಂಗಪ್ಪನಿಗೆ ದೊಡ್ಡ ಸಾವ್ಕಾರರು ಗೊತ್ತಿದ್ದರಲ್ಲ, ಅವನು ಬೆನ್ನು ತಿರುಗಿಸಿಕೊಂಡು ನಗ್ತಿದ್ದ. ಕೊನೆಗೆ ಟವಲಿಂದ ಕಣ್ಣೊರೆಸಿಕೊಂಡು ಚಂದ್ರಣ್ಣ ಅಂದರು, "ಇದೊಂದು ಬುಟ್ಟು ಮಿಕ್ಕಿದ್ದು ಸುಲಿಯಪ್ಪ."

ನಿನ್ನೆ ಗಿರಿಜಕ್ಕನ ಮನೆಗೆ ಹೋಗಿದ್ದೆ. ಕಾಯಿ ಹಜಾರದಲ್ಲಿ, ಫೋಟೋದ ಕೆಳಗೆ, ರೇಡಿಯೋ ಮೇಲೆ ಕೂತಿದೆ. ಊರಲ್ಲಿ ಸುದ್ದಿ ಹಬ್ಬಿ, ಮಂಡಿಗೆ ಬಂದವರೆಲ್ಲ ಒಂದು ಸಲ ಮನೆಗೂ ಬಂದು ನೋಡ್ತಾರಂತೆ. ನಾನಿದ್ದಾಗಲೇ ನೊಣವಿನಕೆರೆಯ ಇಬ್ಬರು ಬಂದರು. ಚಂದ್ರಣ್ಣ ಕಾಯನ್ನ ಎರಡೂ ಕೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮೀಸೆಯ ಕುಸುರಿ ಕೆಲಸ ತೋರಿಸಿದರು. ನನ್ನ ಕೊಡೆಯ ಬಗ್ಗೆ ಈ ಮನುಷ್ಯ ಏನೇನಂದಿದ್ದರು ಅನ್ನೋದು ನೆನಪಾಯಿತು. ಇರಲಿ.

"ಹಳೇ ಕಾಲದ್ದು ಕಣಪ್ಪ," ಅಂದರು. "ಇಂಥವೆಲ್ಲ ಈಗ ಸಿಗಲ್ಲ. ನಾವು ಬೆಂಗಳೂರಲ್ಲಿ ಹುಡುಕಿ ತಂದ್ವಿ."

ಗಿರಿಜಕ್ಕ ಕಾಫಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬರ್ತಿದ್ದರು. ತಟ್ಟೆ ಇಳಿಸಲಿಲ್ಲ, ಧ್ವನಿ ಏರಿಸಲಿಲ್ಲ.

"ನಾವಲ್ಲ ಕಣ್ರೀ, ನಾನು."