ಎಲ್ರೂ ಓದ್ರು, ಓವರ್

ಈ ಸೋಮವಾರ ಬೆಳಿಗ್ಗೆ ಒಂದು ಚೀಲ ಹಿಡಿದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹೊರಟಿದ್ದೆ. ಚೀಲ ನನ್ನದಲ್ಲ, ಅದರ ಸಂಗತಿ ಆಮೇಲೆ ಹೇಳುತ್ತೇನೆ. ದಾರಿಯಲ್ಲಿ, ನಾನು ಕೆಲಸ ಮಾಡಿ ನಿವೃತ್ತನಾದ ವೈರ್‌ಲೆಸ್ ಕಂಟ್ರೋಲ್ ರೂಮಿನ ಕಿಟಕಿಯಿಂದ ಖರಖರ ಸದ್ದು, ಅದರ ಹಿಂದೆಯೇ ಯಾವುದೋ ಹುಡುಗಿಯ ದನಿ: "ಹನೂರು, ಹನೂರು, ಕೊಳ್ಳೇಗಾಲ ಕರೀತಿದೆ. ಕೇಳಿಸ್ತಾ? ಓವರ್." ಕಾಲುಗಳು ತಾವಾಗಿಯೇ ನಿಂತವು.

ಮಳೆಯೋ ಬೆಂಕಿಯೋ ಬಂದು ಮೊಬೈಲು ಕೈಕೊಟ್ಟಾಗ ವೈರ್‌ಲೆಸ್ಸಾದರೂ ಮಾತಾಡಬೇಕಲ್ಲ? ಅದಕ್ಕೇ ಮೂರು ತಾಲ್ಲೂಕಿನ ಕಂಟ್ರೋಲ್ ರೂಮುಗಳು ಪ್ರತಿ ಸೋಮವಾರ ಒಂದನ್ನೊಂದು ಕರೆದು ನೋಡುತ್ತವೆ. ಆಗೆಲ್ಲ ಕರೆಯುವವನು ನಾನು. ಯಳಂದೂರಿನಿಂದ ರತ್ನಮ್ಮ, ಹನೂರಿನಿಂದ ಮಾದೇವ ಉತ್ತರ ಕೊಡುವವರು. ಹೇಳುವುದಕ್ಕೆ ಏನೂ ಇಲ್ಲ ಎಂಬುದನ್ನು ಇಷ್ಟು ಗಂಭೀರವಾಗಿ ಹೇಳುವ ಕೆಲಸ ಇನ್ನೊಂದಿರಲಿಕ್ಕಿಲ್ಲ. ಹಾಗಾಗಿ ಉಳಿದ ಹೊತ್ತಿನಲ್ಲಿ ನಾನು ಮೇಷ್ಟ್ರಾಗುತ್ತಿದ್ದೆ. ಮಾತು ಮುಗಿದ ಕೂಡಲೇ "ಓವರ್" ಎಂದು ಮೈಕಿನ ಬಟನ್ ಬಿಡಬೇಕು, ಒಬ್ಬರು ಒತ್ತಿ ಹಿಡಿದರೆ ಬೇರೆಯವರ ದನಿ ಬರುವುದಿಲ್ಲ ಎಂಬುದು ಒಂದು ಪಾಠ. ಇನ್ನೊಂದು, ಹಕಾರದ ಪಾಠ.

"ಅನೂರು ಕ್ಲಿಯರ್ ಸಾ. ಓವರ್."

"ಹ ಎಲ್ಲಪ್ಪಾ ಮಾದೇವ?"

"ಅದ್ನೂ ಏಳೋಕೋದ್ರೆ ಬ್ಯಾಟ್ರಿ ಕಮ್ಮಿ ಆಯ್ತದ ಸಾ."

ಯಳಂದೂರಿನಲ್ಲಿ ರತ್ನಮ್ಮ ಕಿಸಕ್ಕನೆ ನಗುತ್ತಿದ್ದರು.

ನನ್ನ ಹೆಂಡತಿ ಸರೋಜಳ ತವರು ಕೌದಳ್ಳಿ. ಒಂದು ಮಳೆಗಾಲ ಅಲ್ಲಿಗೆ ಹೊರಟಳು. ಅವತ್ತೇ ನಾನು ಉಪ್ಪಿಟ್ಟಿಗೆ ಉಪ್ಪಿಲ್ಲ ಎಂದು ಮುಖ ಸಿಂಡರಿಸಬೇಕೆ? ಯಾವಾಗಲೂ "ಓಗ್ಬತ್ತೀನಿ ಕಣ್ರಿ" ಎನ್ನುವವಳು ಬಾಗಿಲಲ್ಲಿ ನಿಂತು "ಓಯ್ತೀನಿ" ಎಂದಳು, ಅಷ್ಟೇ. ನಾನೂ ದೊಡ್ಡ ಮನುಷ್ಯನ ಹಾಗೆ ಪೇಪರಿನಿಂದ ತಲೆ ಎತ್ತಲಿಲ್ಲ.

ಅವಳು ವಾಪಸು ಬರುವ ದಿನ ಮಳೆ ಹಿಡಿದುಕೊಂಡಿತು. ಹನೂರಿನ ಕಡೆಗೆ ಯಾರ ಮೊಬೈಲೂ ಸಿಗಲಿಲ್ಲ. ಮಧ್ಯಾಹ್ನ ವೈರ್‌ಲೆಸ್ಸಿನಲ್ಲಿ ಮಾದೇವ ಬಂದ. "ಸಾ, ಅಜ್ಜೀಪುರದತ್ರ ಅಳ್ಳ ಬಂದ್ಬುಟ್ಟದ. ಕೌದಳ್ಳಿ ಬಸ್ಸು ನೀರಲ್ಲಿ ಸಿಕ್ಕಾಕಂಡದ. ಓವರ್."

ಅದು ಸರೋಜ ಹತ್ತಬೇಕಿದ್ದ ಬಸ್ಸು. "ಬಸ್ಸಲ್ಲಿದ್ದ ಜನ? ಓವರ್" ಎಂದೆ.

"ಎಲ್ರೂ ಓದ್ರು ಸಾ. ಓವರ್."

ಬೇರೆ ದಿನವಾಗಿದ್ದರೆ "ಏನು ಓದಿದರಪ್ಪಾ, ಪೇಪರಾ?" ಎಂದು ರೇಗಿಸುತ್ತಿದ್ದೆ. ಅವತ್ತು ಮೈಕನ್ನು ಬಿಗಿಯಾಗಿ ಹಿಡಿದುಕೊಂಡೆ. ಹಕಾರ ಹಾಕಿದರೂ ಆ ಮಾತಿನಿಂದ ಏನು ಸುಖ ಹೇಳಿ? ಸಂತೆಗೆ ಹೊರಟವರೂ ಹೋದರು, ಜೀವ ಬಿಟ್ಟವರೂ ಹೋದರು. ಸಾಲದ್ದಕ್ಕೆ ಓವರ್ ಬೇರೆ.

ಆಮೇಲೆ ನಾನು ಏನು ಮಾಡಿದೆನೋ ನನಗೆ ತಿಳಿಯದು. ಮೇಜಿನ ಫೋನು ಬಡಿದುಕೊಳ್ಳುತ್ತಿತ್ತು. ಎಡಗೈಯಲ್ಲಿ ಎತ್ತಿದರೆ ರತ್ನಮ್ಮ ಕೂಗುತ್ತಿದ್ದರು: "ಸಾ, ಬಟನ್ ಬುಡಿ ಸಾ! ಆಗ್ಲಿಂದ ನಿಮ್ದೇ ದನಿ! ಮಾದೇವ ಏನಾರ ಏಳ್ಬೇಕಲ್ಲ?"

ನೋಡುತ್ತೇನೆ, ಬಲಗೈ ಹೆಬ್ಬೆರಳು ಮೈಕಿನ ಬಟನ್ನನ್ನು ಒತ್ತಿ ಹಿಡಿದುಬಿಟ್ಟಿದೆ. "ಓಗ್ಬತ್ತೀನಿ ಅಂತ ಒಂದ್ ಮಾತ್ ಏಳ್ಬಾರ್ದಾಗಿತ್ತಾ ಸರೋಜಾ, ನಾನಾರ ಎದ್ದು ಬರ್ಬಾರ್ದಾಗಿತ್ತಾ" ಎಂದು ನಾನು ಗೋಳಾಡಿದ್ದನ್ನು ಮೂರು ತಾಲ್ಲೂಕೂ ಕೇಳಿಸಿಕೊಂಡಿತ್ತು. ರತ್ನಮ್ಮ ಆಮೇಲೆ ಹೇಳಿದ ಪ್ರಕಾರ ಅದರಲ್ಲಿ ಹುಡುಕಿದರೂ ಒಂದು ಹಕಾರ ಇರಲಿಲ್ಲವಂತೆ.

ಬಟನ್ ಬಿಟ್ಟೆ. ಮಾದೇವ ಒಂದೇ ಉಸಿರಿಗೆ ಶುರುಮಾಡಿದ. "ಸಾ, ಎಲ್ರೂ ಟ್ರಾಕ್ಟರಲ್ಲಿ ಅಜ್ಜೀಪುರದ ಇಸ್ಕೂಲ್ಗೆ ಓದ್ರು ಸಾ! ಯಾರ್ಗೂ ಏನೂ ಆಗಿಲ್ಲ. ಅಲ್ಲಿರೋ ನಮ್ಮವ್ನ್ನ ವಾಕಿಟಾಕೀಲಿ ಕೇಳ್ದೆ, ನಿಮ್ಮನೆವ್ರೂ ಅವ್ರೆ. ಟೀಗೆ ಸಕ್ರೆ ಸಾಲ್ದು ಅಂತ ಬಯ್ತಾವ್ರಂತೆ. ಓವರ್."

ಬಯ್ಯುತ್ತಿದ್ದಾಳೆ ಎಂದ ಮೇಲೆ ಅವಳೇ, ಅನುಮಾನವಿಲ್ಲ. ಅಬ್ಬಾ, ಹೋದ ಜೀವ ಬಂತು. ಕುರ್ಚಿಯಲ್ಲಿ ಕುಸಿದು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಮುಂದಿನ ಸೋಮವಾರದಿಂದ ನಮ್ಮ ಮೂವರಲ್ಲಿ ಒಂದು ಕಟ್ಟಳೆಯಾಯಿತು: ಯಾರೂ "ಓದ್ರು" ಎನ್ನುವ ಹಾಗಿಲ್ಲ, "ಸೇರ್ಕಂಡ್ರು" ಎನ್ನಬೇಕು. ಹಕಾರವನ್ನು ನಾನು ಮತ್ತೆ ಕೇಳಲಿಲ್ಲ. ರತ್ನಮ್ಮ ಮಾತ್ರ ಸರೋಜಳಿಗೆ ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಒಪ್ಪಿಸಿದರು.

"ಹನೂರು ಕ್ಲಿಯರ್" ಎಂದು ಕಿಟಕಿಯೊಳಗಿಂದ ಉತ್ತರ ಬಂದ ಮೇಲೆಯೇ ನಾನು ಅಲ್ಲಿಂದ ಕದಲಿದ್ದು. ಬಸ್ ಸ್ಟ್ಯಾಂಡಿನಲ್ಲಿ ಸರೋಜ ಆಗಲೇ ಕಿಟಕಿ ಪಕ್ಕ ಸೀಟು ಹಿಡಿದು ಕೂತಿದ್ದಳು. ಕೌದಳ್ಳಿಗೆ ಹೊರಟಿದ್ದಾಳೆ, ಚೀಲ ಅವಳದು.

"ಎಲ್ಲೋಗಿದ್ರಿ? ಬಸ್ ಬುಡೋ ಒತ್ತಾಯ್ತು."

ಚೀಲವನ್ನು ಕಿಟಕಿಯಲ್ಲಿ ತೂರಿಸಿದೆ. ಡ್ರೈವರು ಇಂಜಿನ್ ಚಾಲೂ ಮಾಡಿದ.

"ಓಗ್ಬತ್ತೀನಿ ಕಣ್ರಿ."

"ಕೇಳುಸ್ಲಿಲ್ಲ. ಇನ್ನೊಂದ್ಸಲ ಏಳು."

"ಓಗ್ಬತ್ತೀನಿ! ಈಗ್ಲಾದ್ರೂ ಬಟನ್ ಬುಡಿ."

ನೋಡಿದರೆ ಚೀಲದ ಹಿಡಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಬಿಟ್ಟೆ.