ಜಗಳದ ಪೀರಿಯಡ್

ಸಂತಪುರದ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ಬೀದರದಿಂದ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ರಿಟೈರ್ ಆಗಿ ಎಷ್ಟೋ ವರ್ಷಗಳಾದವು. ಮೊಣಕಾಲು ಬೇಡ ಅನ್ನುತ್ತದೆ, ನಾನು ಕೇಳುವುದಿಲ್ಲ. ನನ್ನನ್ನು ಕರೆದವನು ಅಲ್ಲಿಯ ಹೆಡ್‌ಮಾಸ್ಟರು. ಭಾಲ್ಕಿಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಕಿಟಕಿ ಪಕ್ಕ ಕೂತು, ನನ್ನ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕದ್ದು ಲೆಕ್ಕ ಬಿಡಿಸುತ್ತಿದ್ದ ಹುಡುಗ. ಈಗ ಗಣಿತವನ್ನೇ ಕಲಿಸುತ್ತಾನೆ, ಮೀಸೆ ನರೆತಿದೆ. ಸಿಬ್ಬಂದಿಯ ಎದುರಿಗೆ ಬಿಟ್ಟರೆ ಉಳಿದಂತೆ ನಾನು ಅವನನ್ನು ಏಕವಚನದಲ್ಲೇ ಮಾತಾಡಿಸುವುದು.

“ಮೇಡಂ, ಪುಸ್ತಕ ಮುಗಸ್ಲಿಕ್ಕ ನಮ್ಮ ಕಡಿ ಟೀಚರ್ ಅದಾರ್ರಿ,” ಎಂದು ಫೋನಿನಲ್ಲಿ ಹೇಳಿದ್ದ. “ಹತ್ತನೇ ಕ್ಲಾಸಿನ ಹುಡ್ಗೇರು ಇಂಗ್ಲಿಷ್ ಅಂದ್ರ ಬಾಯಿನೇ ಬಿಡಲ್ಲರಿ. ನೀವು ಬಂದು ಬರೇ ಮಾತಾಡಸ್ರಿ, ಸಾಕು.”

ಮಾತಾಡಿಸುವುದೇನು ಮಹಾ ಅಂದುಕೊಂಡೆ. ನಾನು ಕಲಿತದ್ದು ಹೈದರಾಬಾದಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿಯ ಮದರ್ ನಮಗೆ ಇಂಗ್ಲಿಷ್ ಕಲಿಸಿದ್ದು ಪಿಂಗಾಣಿ ಕಪ್ಪು ಹಿಡಿಯುವುದನ್ನು ಕಲಿಸಿದ ಹಾಗೆ, ಮೆಲ್ಲಗೆ, ಸದ್ದಾಗದಂತೆ. ಮೇ ಐ, ಪ್ಲೀಸ್, ಥ್ಯಾಂಕ್ಯೂ, ಪಾರ್ಡನ್ ಮಿ. ಆ ಕಾರಿಡಾರಿನ ಫ್ಲೋರ್ ಪಾಲಿಶ್ ವಾಸನೆ ಈಗಲೂ ಒಮ್ಮೊಮ್ಮೆ ಎಲ್ಲಿಂದಲೋ ಬಂದು ಮೂಗಿಗೆ ತಾಕುತ್ತದೆ. ಆಗ ಕೈಯಲ್ಲಿದ್ದ ಕೆಲಸ ಬಿಟ್ಟು ಸ್ವಲ್ಪ ಹೊತ್ತು ಕೂತುಬಿಡುತ್ತೇನೆ. ಭಾಲ್ಕಿಯಲ್ಲಿ ಜೀವಮಾನವಿಡೀ ಅದನ್ನೇ ಕಲಿಸಿದೆ. ಇಲ್ಲಿಯೂ ಅದನ್ನೇ ಶುರುಮಾಡಿದೆ: ಒಬ್ಬಳು ಚಹಾ ಕೊಡುವವಳು, ಇನ್ನೊಬ್ಬಳು ಥ್ಯಾಂಕ್ಯೂ ಅನ್ನುವವಳು.

ಹುಡುಗಿಯರು ನೆಲ ನೋಡಿದರು. ಮಳೆಗಾಲವೆಲ್ಲ ನೆಲವನ್ನೇ ನೋಡಿದರು. ಕೊನೆಗೆ ವೆಲ್ಡಿಂಗ್ ಅಂಗಡಿಯವರ ಮಗಳು, ಮನೆಯಲ್ಲಿ ದಖನಿ ಉರ್ದು ಮಾತಾಡುವವಳು, ನನ್ನ ಮೇಲೆ ಕರುಣೆ ಬಂದು ವಿಷಯ ಬಿಡಿಸಿ ಹೇಳಿದಳು.

“ಮೇಡಂ, ಮನ್ಯಾಗ ಚಾ ಕೊಟ್ರ ನಾವು ಸುಮ್ಮ ಕುಡಿತೇವ್ರಿ. ಥ್ಯಾಂಕ್ಯೂ ಅಂದ್ರ ನಮ್ಮ ಅಮ್ಮಿ ಹಣಿ ಮುಟ್ಟಿ ನೋಡ್ತಾಳ, ಜ್ವರ ಬಂದವೇನಂತ.”

ಅದೇ ವಾರ ಸಂಜೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಔರಾದ ಕಡೆಯ ಬಸ್ಸು ಮೊದಲು ಬಂತು. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಆ ಬಸ್ಸಿನಲ್ಲಿ ಗಾಳಿಗೂ ಜಾಗವಿರುವುದಿಲ್ಲ. ನನ್ನ ಕ್ಲಾಸಿನ ಒಬ್ಬ ಹುಡುಗಿ, ಕುರಿ ಸಾಕುವವರ ಮನೆಯವಳು, ಕಿಟಕಿಯಿಂದ ದಸ್ತಿ ಎಸೆದು ಸೀಟು ಹಿಡಿದಳು. ನಮ್ಮ ಕಡೆ ಹಾಗೆಯೇ. ಕರವಸ್ತ್ರ ಬಿದ್ದ ಸೀಟು ಎಸೆದವರದ್ದು. ಅವಳು ಬಾಗಿಲಿನಿಂದ ನುಗ್ಗಿ ಒಳಗೆ ಬರುವಷ್ಟರಲ್ಲಿ ಅದರ ಮೇಲೆ ಒಬ್ಬ ದಪ್ಪ ಹೆಂಗಸು ಕೂತಾಗಿತ್ತು.

“ಏಳ್ರಿ ಮೌಶಿ, ಸೀಟ್ ನಂದದ. ದಸ್ತಿ ಕಾಣಸಲ್ಲೇನ್ರಿ?”

“ದಸ್ತಿ ಬಂದು ಕುಂತದ, ನೀ ಎಲ್ಲಿ ಕುಂತೀದಿ?”

“ಬಾಜೂಕ ನಿಮ್ಮ ಚೀಲ ಕುಂತದಲ್ರಿ. ಅದೂ ಹೆಣ್ಮಗಳೇನ್ರಿ, ಫ್ರೀ ಬರ್ಲತ್ತದ?”

ಬಸ್ಸೆಲ್ಲ ನಕ್ಕಿತು. ಹೆಂಗಸೂ ನಕ್ಕು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟು ಬಿಟ್ಟುಕೊಟ್ಟಳು. ಹೊರಗೆ ನಿಂತಿದ್ದ ನಾನು ಬೆರಗಾದೆ. ನನ್ನ ಕ್ಲಾಸಿನಲ್ಲಿ ‘ಯೆಸ್ ಮೇಡಂ’ ಅನ್ನಲೂ ಉಸಿರು ಸಾಲದ ಹುಡುಗಿ ಇವಳೇ. ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದರದೇ ತುದಿ ಹಿಡಿದು ತಿರುಗಿಸಿ ಕೊಡುವುದು, ಅದೂ ಅರೆಗಳಿಗೆಯಲ್ಲಿ. ಕಾನ್ವರ್ಸೇಷನ್ ಎಂದು ನಾನು ಕಲಿಸಹೊರಟಿದ್ದು ಇದನ್ನೇ ಅಲ್ಲವೇ? ಇವರಿಗೆ ಮಾತು ಬರುತ್ತದೆ. ಮಾತಾಡಲು ಒಂದು ಕಾರಣ ಬೇಕು, ಅಷ್ಟೆ.

ಮರುದಿನ ಬೆಂಚುಗಳನ್ನು ಬಸ್ಸಿನ ಹಾಗೆ ಜೋಡಿಸಿದೆ. ದಸ್ತಿ ಎಸೆಯಲು ಹೇಳಿ ನಾನೇ ಅದರ ಮೇಲೆ ಕೂತೆ. “ನೋ ಪ್ಲೀಸ್ ಟುಡೇ,” ಎಂದೆ. “ಇಂಗ್ಲಿಷಿನಲ್ಲಿ ರೀಸನ್ ಕೊಟ್ಟು ನನ್ನನ್ನು ಎಬ್ಬಿಸಿರಿ.”

ಬಹಳ ಹೊತ್ತು ಪಿಸುಪಿಸು. ಆಮೇಲೆ ಕುರಿಯವರ ಹುಡುಗಿ ಎದ್ದಳು. “ಮೇಡಂ, ದಿಸ್ ಸೀಟ್ ಮೈ.”

“ವೈ?”

“ಮೈ ದಸ್ತಿ ಸಿಟ್ಟಿಂಗ್.”

ನಾನು ಉತ್ತರ ಕೊಡುವ ಮೊದಲೇ ವೆಲ್ಡಿಂಗ್ ಅಂಗಡಿಯ ಹುಡುಗಿ ನನ್ನ ಪರವಾಗಿ ಎದ್ದು ಹೇಳಿದಳು: “ದಸ್ತಿ ಸಿಟ್ಟಿಂಗ್. ಯು ಸ್ಟ್ಯಾಂಡಿಂಗ್. ಸೋ, ದಸ್ತಿ ಗೋ ಔರಾದ.”

ಅಲ್ಲಿಂದ ಕಟ್ಟೆ ಒಡೆಯಿತು. ಅಳಬಾರದು, ಅಪ್ಪ ಅಮ್ಮನನ್ನು ಎಳೆದು ತರಬಾರದು, ಎದುರಿನವಳ ಮಾತಿಗೆ ಉತ್ತರ ಕೊಡದೆ ತನ್ನದನ್ನೇ ಒದರಿದವಳನ್ನು ಬಸ್ಸಿನಿಂದ ಇಳಿಸುವುದು, ಇಷ್ಟೇ ಕಾಯ್ದೆ. ಜಗಳ ನಡೆಯುವಾಗ ನಾನು ತಪ್ಪು ತಿದ್ದುತ್ತಿರಲಿಲ್ಲ. ಮುಗಿದ ಮೇಲೆ ಕೆಲವು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದರೆ ಅವರೇ ಎದ್ದು ಬಂದು ತಿದ್ದುತ್ತಿದ್ದರು. ತಮ್ಮ ಎದುರಾಳಿಯ ತಪ್ಪನ್ನು ತಿದ್ದುವಾಗಿನ ಉತ್ಸಾಹ ನೋಡಬೇಕಿತ್ತು. ನಳದ ಪಾಳಿ, ಕಸ ಹೊಡೆಯುವ ಪಾಳಿ, ಡಬ್ಬಿಯ ಉಪ್ಪಿನಕಾಯಿ ಯಾರು ತಿಂದರು, ದಿನಕ್ಕೊಂದು ಜಗಳ. “ಮೇಡಂ, ಇವತ್ತಿಂದು ನಾ ತಂದೀನ್ರಿ,” ಎನ್ನುತ್ತಾ ಗೇಟಿನಲ್ಲೇ ಕಾಯುವವರೂ ಆದರು. ನನ್ನ ಮದರ್ ನೋಡಿದ್ದರೆ ಏನನ್ನುತ್ತಿದ್ದರೋ. ಓಹ್ ಮೈ ಚೈಲ್ಡ್, ಅನ್ನುತ್ತಿದ್ದರು.

ಸೋಯಾ ಕೊಯ್ಲು ಮುಗಿದು ಅರ್ಧವಾರ್ಷಿಕ ಪರೀಕ್ಷೆಯ ಮಾರ್ಕ್ಸು ಬಂದವು. ಹೆಡ್‌ಮಾಸ್ಟರು ನನ್ನನ್ನು ಕೂರಿಸಿ, ಚಹಾ ತರಿಸಿ, ಮೀಸೆ ಸವರಿಕೊಂಡ.

“ಸಿಟ್ಟಿಗಿ ಬರಬ್ಯಾಡ್ರಿ ಮೇಡಂ. ಗಣಿತದಾಗ ಹುಡ್ಗೇರು ಭಾಳ ಹಿಂದ ಅದಾರ. ಸೋಮವಾರದಿಂದ ನಿಮ್ಮ ಪೀರಿಯಡ್ ನಾ ತಗೋತೇನ್ರಿ.”

ಆಟದ ಪೀರಿಯಡ್ಡನ್ನು ಅವನು ಜೂನಿನಲ್ಲೇ ನುಂಗಿದ್ದ. ಈಗ ನನ್ನದು. ಅದು ಹೋದರೆ ನಾನು ಮತ್ತೆ ಬೀದರದಲ್ಲಿ ಒಂದೇ ಪೇಪರನ್ನು ಎರಡು ಸಲ ಓದುವ ಮುದುಕಿ. ಈಗಷ್ಟೇ ಬಾಯಿ ಬಂದ ಹುಡುಗಿಯರು ಮತ್ತೆ ನೆಲ ನೋಡುವವರು. “ಒಂದು ಸಲ ಬಂದು ಕೂತು ನೋಡು, ಆಮೇಲೆ ತಗೋ,” ಎಂದೆ. ಶುಕ್ರವಾರ ಬರುತ್ತೇನೆಂದ.

ಶುಕ್ರವಾರ ಹುಡುಗಿಯರಿಗೆ ಹೇಳಿದೆ: “ಇವತ್ತು ಆಟದ ಜಗಳವಲ್ಲ. ಸರ್ ನಮ್ಮ ಪೀರಿಯಡ್ ತೆಗೆದುಕೊಳ್ಳುತ್ತಿದ್ದಾರೆ. ರೀಸನ್ ಕೊಟ್ಟು ಉಳಿಸಿಕೊಳ್ಳಿ.” ಹೆಡ್‌ಮಾಸ್ಟರು ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತ. ಕುರಿಯವರ ಹುಡುಗಿ ಎದ್ದಳು.

“ಸರ್, ಯು ಟುಕ್ ಅವರ್ ಗೇಮ್ಸ್ ಪೀರಿಯಡ್. ವೈ?”

ಇದು ಪೀಠಿಕೆ ಇರಬೇಕು ಅಂದುಕೊಂಡೆ.

“ಅಲ್ಲಬೇ, ಪರೀಕ್ಷಾ ಹತ್ರ ಬಂದದ...” ಎಂದು ಅವನು ಶುರುಮಾಡಿದ.

“ಇಂಗ್ಲಿಷ್, ಸರ್,” ಎಂದಿತು ಇಡೀ ಕ್ಲಾಸು.

ಅವನು ನನ್ನನ್ನು ನೋಡಿದ. ನಾನು ಫ್ಯಾನ್ ನೋಡಿದೆ. ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, “ಬಿಕಾಸ್ ಯುವರ್ ಮಾರ್ಕ್ಸ್ ಆರ್ ಲೋ,” ಎಂದ. ಭಾಲ್ಕಿಯಲ್ಲಿ ಅವನ ಬಾಯಿಂದ ಇಷ್ಟುದ್ದದ ಇಂಗ್ಲಿಷ್ ವಾಕ್ಯ ನಾನು ಕೇಳಿದ ನೆನಪಿಲ್ಲ.

“ಗೇಮ್ಸ್ ನೋ, ಮಾರ್ಕ್ಸ್ ಲೋ. ಲಾಸ್ಟ್ ಇಯರ್ ಗೇಮ್ಸ್ ಯೆಸ್, ಮಾರ್ಕ್ಸ್ ಲೋ. ಸೇಮ್, ಸರ್. ಸೋ ಗಿವ್ ಗೇಮ್ಸ್.”

“ದಟ್ ಈಸ್ ನಾಟ್ ಪ್ರೂಫ್,” ಎಂದ ಗಣಿತದವನು. ಕಣ್ಣಲ್ಲಿ ಬೆಳಕು ಬಂದಿತ್ತು.

ವೆಲ್ಡಿಂಗ್ ಅಂಗಡಿಯ ಹುಡುಗಿ ಎದ್ದಳು. “ಸರ್, ಒನ್ ಐಡಿಯಾ. ಯು ಟೇಕ್ ಮೇಡಂ’ಸ್ ಪೀರಿಯಡ್. ಯು ಗಿವ್ ಅಸ್ ಗೇಮ್ಸ್ ಪೀರಿಯಡ್. ಬೋತ್ ಆರ್ ಹ್ಯಾಪಿ.”

ಕ್ಲಾಸು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಎಷ್ಟು ಚೆಂದದ ವಾಕ್ಯ, ‘ಬೋತ್’ ಎಷ್ಟು ಸರಿಯಾದ ಜಾಗದಲ್ಲಿ ಬಿತ್ತು ಎಂದು ಹಿಗ್ಗುತ್ತಿರುವಾಗಲೇ ಮಾರಾಟವಾಗಿದ್ದು ನಾನೇ ಎಂದು ತಿಳಿಯಿತು.

“ಎಕ್ಸ್‌ಕ್ಯೂಸ್ ಮಿ,” ಎಂದೆ. “ಮೇ ಐ ಪ್ಲೀಸ್...”

“ಮೇಡಂ, ನೋ ಪ್ಲೀಸ್,” ಎಂದಳು ಕುರಿಯವರ ಹುಡುಗಿ, ಬಹಳ ಗಂಭೀರವಾಗಿ. “ಗಿವ್ ರೀಸನ್.”

ಹೆಡ್‌ಮಾಸ್ಟರು ಬೆಂಚಿಗೆ ತಲೆ ಹಚ್ಚಿ ನಗತೊಡಗಿದ. ನಾನು ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲಿ ದನಿ ಏರಿಸಿದವಳಲ್ಲ. ಅವತ್ತು ಏರಿಸಿದೆ.

“ಇಟ್ ಈಸ್ ಮೈ ಪೀರಿಯಡ್! ಹೌ ಕ್ಯಾನ್ ಯು ಗಿವ್ ಇಟ್ ಅವೇ?”

“ಸರ್ ಈಸ್ ಟೇಕಿಂಗ್, ಮೇಡಂ. ವಿ ಆರ್ ಓನ್ಲಿ ಗೆಟ್ಟಿಂಗ್ ಸಮ್‌ಥಿಂಗ್.”

ಅದು ನಿಜವಾಗಿತ್ತು. ನಾನು ಬೇರೆ ದಾರಿ ಹಿಡಿದೆ. “ವಿದೌಟ್ ದಿಸ್ ಪೀರಿಯಡ್, ವೇರ್ ವಿಲ್ ಯು ಫೈಟ್?”

“ಇನ್ ಖೋಖೋ. ಔಟ್, ನಾಟ್ ಔಟ್. ಆಲ್ವೇಸ್ ಫೈಟಿಂಗ್.”

“ಇನ್ ವಿಚ್ ಲ್ಯಾಂಗ್ವೇಜ್?”

ಇಲ್ಲಿ ಅವರು ಸಿಕ್ಕಿಬಿದ್ದರು. ಕುರಿಯವರ ಹುಡುಗಿ ಉಗುರು ಕಚ್ಚಿ ಯೋಚಿಸಿ ಕೊನೆಗೆ ಹೇಳಿದಳು: “ಯು ಕಮ್ ಟು ಗ್ರೌಂಡ್, ಮೇಡಂ. ದೆನ್ ಇಂಗ್ಲಿಷ್.”

ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡು ಎದ್ದ. “ಕ್ಲಾಸ್‌ರೂಮ್ ನಂಗ, ಗ್ರೌಂಡ್ ಅವರಿಗಿ, ಜಗಳ ನಿಮಗ. ಹ್ಯಾಂಗ್ರಿ ಮೇಡಂ?”

“ಇಂಗ್ಲಿಷಿನಲ್ಲಿ ಹೇಳಪ್ಪ,” ಎಂದೆ. ಹೇಳಿದ. ತಡವರಿಸಿದ, ಆದರೆ ಹೇಳಿದ.

ಈಗ ವಾರಕ್ಕೆ ಮೂರು ಮಧ್ಯಾಹ್ನ ನಾನು ಗ್ರೌಂಡಿನ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಖೋಖೋದ ಅಂಪೈರಾಗಿ ಕೂರುತ್ತೇನೆ. ಕನ್ನಡದಲ್ಲೋ ದಖನಿಯಲ್ಲೋ ತಕರಾರು ತೆಗೆದ ತಂಡದ ಮಾತನ್ನು ನಾನು ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಯಾರೂ ತೆಗೆಯುವುದಿಲ್ಲ. ಮೊನ್ನೆ ಒಬ್ಬಳನ್ನು ಔಟ್ ಎಂದೆ. ಓಡುತ್ತಿದ್ದವಳು ನಿಂತು ಸೊಂಟದ ಮೇಲೆ ಕೈಯಿಟ್ಟು ನನ್ನತ್ತ ಬಂದಳು.

“ಮೇಡಂ, ಯು ವರ್ ಲುಕಿಂಗ್ ದೇರ್. ಹೌ ಡು ಯು ನೋ?”

ನಾನು ನಿಜಕ್ಕೂ ಗ್ರೌಂಡಿನ ಆಚೆಯ ತೊಗರಿ ಹೊಲ ನೋಡುತ್ತಿದ್ದೆ. ಹೂವು ಬಿಟ್ಟಿತ್ತು. ಅವಳ ವಾಕ್ಯದಲ್ಲಿ ತಪ್ಪು ಹುಡುಕಿದೆ, ಇರಲಿಲ್ಲ. “ನಾಟ್ ಔಟ್,” ಎಂದೆ. ಈಗ ಇನ್ನೊಂದು ತಂಡ ನನ್ನ ಕಡೆ ಓಡಿ ಬಂತು.